ಯಜಮಾನರ ಅಲ್ಸರ್

ಗೃಹಪ್ರವೇಶದ ದಿನ ಹೊಸ ಮನೆಯ ಅಡುಗೆಮನೆ ಮೂಲೆಯಲ್ಲಿ ಒಂದು ಗೊನೆ ಬಾಳೆಹಣ್ಣು, ಅದರ ಪಕ್ಕ ಮುಚ್ಚಳ ತೆಗೆಯದ ಸೋಡಾ ಬಾಟಲಿಗಳನ್ನು ಕಂಡೊಡನೆ ಸಂಘಮಿತ್ರಳಿಗೆ ಮೈಯೆಲ್ಲ ಉರಿದುಹೋಯಿತು. ಯಾರಿಗೆಂದು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದಳು.

"ಚೆನ್ನರಾಯಪ್ಪ ಯಜಮಾನ್ರು ಬರ್ತಾರಲ್ಲಮ್ಮ," ಅಂದರು ಅಪ್ಪ ಎರ್ರಪ್ಪ. "ಅವರಿಗೆ ಅಲ್ಸರ್. ಹೊರಗಡೆ ಊಟ ಆಗಲ್ಲ."

ಈ ಅಲ್ಸರ್ ಮಹಿಮೆ ದಲಿತರ ಕೇರಿಗೆಲ್ಲ ಗೊತ್ತಿರುವುದೇ. ಚೆನ್ನರಾಯಪ್ಪ ಊರೊಳಗಿನ ದೊಡ್ಡ ಮನೆಯವರು, ನಂದಿ ಕಡೆ ದ್ರಾಕ್ಷಿ ತೋಟ ಇಟ್ಟವರು. ಕೇರಿಯಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಕರೆದರೆ ತಪ್ಪದೆ ಬರುತ್ತಾರೆ. ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತಾರೆ. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಸಿಪ್ಪೆ ಇರುವ ಹಣ್ಣು, ಸೀಲ್ ಒಡೆಯದ ಬಾಟಲಿ, ಇಷ್ಟೇ ಆ ಹೊಟ್ಟೆಗೆ ಒಗ್ಗುವುದು. ಅವರಪ್ಪನ ಕಾಲದಲ್ಲಿ ನಿಮ್ಮ ಮನೇಲಿ ಉಣ್ಣಲ್ಲ ಅಂತ ನೇರವಾಗಿ ಅನ್ನುತ್ತಿದ್ದರು. ಈಗ ಹಾಗಂದರೆ ಕೇಸಾಗುತ್ತದೆ ನೋಡಿ, ಅದಕ್ಕೇ ಕಾಯಿಲೆ ಬಂದಿದೆ. ಹೋದ ತಿಂಗಳು ಗೌರಿಬಿದನೂರಿನಲ್ಲಿ ಸಹೋದ್ಯೋಗಿಯ ಮನೆಯ ಬೀಗರೂಟಕ್ಕೆ ಹೋಗಿದ್ದ ಸಂಘಮಿತ್ರ ಕಣ್ಣಾರೆ ಕಂಡಿದ್ದಳು: ಎದುರು ಸಾಲಿನಲ್ಲಿ ಇದೇ ಮಹಾನುಭಾವ ಮುದ್ದೆ ಮುರಿದು ಮುರಿದು ಕಾಲುಸಾರಿಗೆ ಅದ್ದಿ ನುಂಗುತ್ತಿದ್ದರು.

ಅವಳ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಅವಳದು ನಿಜವಾದ ಕಾಯಿಲೆ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಮಾಡುವ ಅವಳಿಗೆ ಎರಡು ವರ್ಷದಿಂದ ದೊಡ್ಡ ಕರುಳಿನಲ್ಲಿ ಹುಣ್ಣು. ಕೆರಳಿದಾಗ ರಕ್ತ ಹೋಗುತ್ತದೆ, ಪಾಠ ಅರ್ಧಕ್ಕೆ ಬಿಟ್ಟು ಓಡಬೇಕಾಗುತ್ತದೆ. ಮಾತ್ರೆಯ ಜೊತೆಗೆ ಊಟವನ್ನೂ ತಿದ್ದಿಕೊಳ್ಳಬೇಕಾಯಿತು. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ತಿಂದು, ನರಳಿ, ಕಲಿತಳು. ಅಮ್ಮನ ಬಸ್ಸಾರು ಬಿಟ್ಟಳು, ಹುರುಳಿಕಾಳು ಬಿಟ್ಟಳು, ಕೊನೆಗೆ ಹುಟ್ಟಿದಾಗಿನಿಂದ ತಿಂದ ಮುದ್ದೆಯನ್ನೂ ಬಿಟ್ಟಳು. ಉಳಿದದ್ದು ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ, ಸೋರೆಕಾಯಿ. ಅವಳ ತಟ್ಟೆ ಕಂಡಾಗಲೆಲ್ಲ ಅಪ್ಪ ಮೂಗು ಮುರಿಯುತ್ತಿದ್ದರು. "ಓದಿದೋರಿಗೆ ನಮ್ಮ ಮುದ್ದೆ ಸೇರಲ್ಲ ಬಿಡು." ಮಗಳದು ನಖರಾ. ಯಜಮಾನರದು ಮಾತ್ರ ಕಾಯಿಲೆ, ಅದಕ್ಕೆ ಪೇಟೆಯಿಂದ ಗೊನೆ ಬರುತ್ತದೆ.

ಬುದ್ಧವಂದನೆ ಮುಗಿದು, ಅಂಗಳದಲ್ಲಿ ಜನ ಊಟಕ್ಕೆ ಕೂತ ಮೇಲೆ ಚೆನ್ನರಾಯಪ್ಪ ಬಂದರು. ಮನೆಯನ್ನು ಬಾಯಿ ತುಂಬ ಹೊಗಳಿ ಜಗಲಿಯ ಕುರ್ಚಿಯಲ್ಲಿ ಕೂತರು. ಅಪ್ಪ ಸೋಡಾ ಬಾಟಲಿ ಅವರ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತರು. ತಾನೇ ಕಟ್ಟಿಸಿದ ಮನೆಯಲ್ಲಿ ಅಪ್ಪ ಹಾಗೆ ಕೈ ಕಟ್ಟಿ ನಿಂತದ್ದನ್ನು ನೋಡಿ ಸಂಘಮಿತ್ರಳಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ, ತನಗೆಂದು ಮಾಡಿಟ್ಟುಕೊಂಡಿದ್ದ ಗಂಜಿಯ ಬಟ್ಟಲು ತಂದು ಯಜಮಾನರ ಮುಂದೆ ಸ್ಟೂಲಿನ ಮೇಲಿಟ್ಟಳು.

"ಏನಮ್ಮ ಇದು?"

"ಗಂಜಿ. ಖಾರ ಇಲ್ಲ, ಎಣ್ಣೆ ಇಲ್ಲ. ನನಗೂ ಕರುಳಲ್ಲಿ ಹುಣ್ಣಿದೆ, ದಿನಾ ಇದನ್ನೇ ತಿನ್ನೋದು. ನಿಮಗೂ ಆಗುತ್ತೆ."

ಚೆನ್ನರಾಯಪ್ಪ ನಕ್ಕರು. "ನಮ್ಮನೆ ಊಟ ಬಿಟ್ಟು ಬೇರೆ ಮುಟ್ಟಬೇಡಿ ಅಂದಿದ್ದಾರೆ ಕಣಮ್ಮ, ಡಾಕ್ಟ್ರು."

"ಗೌರಿಬಿದನೂರಲ್ಲಿ ಕಾಲುಸಾರು ಉಣ್ಣುವಾಗ ಡಾಕ್ಟ್ರನ್ನ ಕೇಳಿದ್ರಾ?"

ಅಂಗಳದಲ್ಲಿ ಉಣ್ಣುತ್ತಿದ್ದವರೆಲ್ಲ ಜಗಲಿಯತ್ತ ತಿರುಗಿದರು. ಅಪ್ಪನ ಮುಖ ಕಪ್ಪಿಟ್ಟಿತು. "ಒಳಗೆ ಹೋಗಮ್ಮ," ಅಂದರು.

"ಹೋಗ್ತೀನಪ್ಪ, ಇದೊಂದು ಹೇಳಿ ಹೋಗ್ತೀನಿ. ಯಜಮಾನ್ರೇ, ಅಲ್ಸರ್ ಇರೋರಿಗೆ ಮೊದಲು ಬಿಡಿ ಅನ್ನೋದೇ ಸೋಡಾನ. ಅದು ನಿಮಗೆ ಆಗುತ್ತೆ, ನನ್ನ ಗಂಜಿ ಆಗಲ್ಲ. ನಿಮಗಿರೋದು ಹೊಟ್ಟೆ ಕಾಯಿಲೆ ಅಲ್ಲ. ರಕ್ತ ಸುರಿಸಿಕೊಂಡು ನಾವು ಅನುಭವಿಸೋ ಕಾಯಿಲೆ ಹೆಸರನ್ನ ಅದಕ್ಕೆ ಇಡಬೇಡಿ."

ಚೆನ್ನರಾಯಪ್ಪ ಅವಳ ಕಡೆ ತಿರುಗಲೂ ಇಲ್ಲ. "ಎರ್ರಪ್ಪ, ಮಗಳಿಗೆ ಸ್ವಲ್ಪ ಬುದ್ಧಿ ಹೇಳು."

ಲೈನ್‌ಮ್ಯಾನ್ ಆಗಿದ್ದಷ್ಟು ಕಾಲ ಎರ್ರಪ್ಪ ಈ ಯಜಮಾನರ ತೋಟದ ಮೋಟರಿಗೋಸ್ಕರ ಮಳೆಯಲ್ಲೂ ಕಂಬ ಹತ್ತಿದವರು. ಅವರು ಹೇಳಿದ್ದಕ್ಕೆ ಒಮ್ಮೆಯೂ ಇಲ್ಲ ಅಂದವರಲ್ಲ. ಈಗ ಕೈ ಚಾಚಿ, ಯಜಮಾನರ ಕೈಯಿಂದ ಸೋಡಾ ಬಾಟಲಿಯನ್ನು ಮೆಲ್ಲಗೆ ಬಿಡಿಸಿಕೊಂಡರು.

"ಇದು ಬೇಡ ಬಿಡಿ, ಅಲ್ಸರ್‌ಗೆ ಆಗಲ್ವಂತೆ. ಒಳಗೆ ಅಡುಗೆ ಇದೆ, ಇಲ್ಲಿ ಗಂಜಿ ಇದೆ. ಯಾವುದು ಬಡಿಸ್ಲಿ?"

ಚೆನ್ನರಾಯಪ್ಪ ಎದ್ದರು. ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿ ಗೇಟು ದಾಟಿ ಹೋದರು.

ಅಪ್ಪ ಆ ಕುರ್ಚಿಯಲ್ಲಿ ಕೂತರು. ಎದುರಿಗಿದ್ದ ಬಟ್ಟಲು ಎಳೆದುಕೊಂಡು ಒಂದು ಚಮಚ ಗಂಜಿ ಬಾಯಿಗಿಟ್ಟರು.

"ಏನೂ ರುಚೀನೇ ಇಲ್ಲವಲ್ಲಮ್ಮ," ಅಂದರು. "ಎರಡು ವರ್ಷದಿಂದ ಇದನ್ನೇನಾ?"

ಯಜಮಾನರ ಮೇಲೆ ಕಾರಿದ ಸಿಟ್ಟು ಅವಳಲ್ಲಿ ಇನ್ನೂ ಅಷ್ಟೇ ಉಳಿದಿತ್ತು. ಅದು ಎರಡು ವರ್ಷ ತನ್ನ ತಟ್ಟೆಗೆ ಮೂಗು ಮುರಿದ ಅಪ್ಪನಿಗೆ ಸೇರಬೇಕಾದದ್ದು ಅಂತ ಈಗ ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಕೈ ಚಾಚಿದಳು.

"ಇಲ್ಲಿ ಕೊಡಪ್ಪ, ಅದು ನನ್ನ ಊಟ. ನಿನಗೆ ಬಾಳೆಹಣ್ಣಿದೆಯಲ್ಲ, ತಿನ್ನು."