ಪೆಂಡಿಂಗ್ ಅನ್ನುವ ಮಾತು

“ಬರೀ ಓದೋಕಾ, ಅಳಿಸೋಕೂ ಬೇಕಾ?” ಕಾರಿನ ಬಿಡಿಭಾಗದ ಅಂಗಡಿಯ ಹೆಂಗಸು ಕೇಳಿದಳು.

“ಹಿಡಿಯೋಕೆ,” ಅಂದ ಹೆಡ್ ಕ್ಲಾರ್ಕ್.

ಆಕೆಗೆ ಅರ್ಥವಾಗಲಿಲ್ಲ. ಗಾಜಿನ ಮೇಜಿನ ಮೇಲೆ ಕೋಡ್ ಓದುವ ಯಂತ್ರಗಳನ್ನು ಹರಡಿ ಕೂತಿದ್ದಳು. ಒಂದು ಬೆಂಕಿಪೊಟ್ಟಣದಷ್ಟೇ ಇತ್ತು. ಸ್ಟೇರಿಂಗಿನ ಕೆಳಗಿರುವ ಸಾಕೆಟ್ಟಿಗೆ ಸಿಕ್ಕಿಸಿದರೆ ಕಾರಿನ ಕಾಯಿಲೆಯೆಲ್ಲ ಫೋನಿನಲ್ಲಿ ಕಾಣುತ್ತದಂತೆ. ಇನ್ನೊಂದಕ್ಕೆ ತನ್ನದೇ ಪರದೆ, ತನ್ನದೇ ಬ್ಯಾಟರಿ, ಕೆಲವು ಗುಂಡಿ, ಬಾಲದಂಥ ವೈರು. ಪಕ್ಕದಲ್ಲಿದ್ದದ್ದು ಗ್ಯಾರೇಜಿನವರು ಇಟ್ಟುಕೊಳ್ಳುವಂಥದು, ಸ್ಲೇಟಿನಷ್ಟು ದೊಡ್ಡದು.

“ಮನೆಗಾದ್ರೆ ಫೋನಿಂದೇ ಒಳ್ಳೇದು ಸಾರ್. ಕೋಡಿನ ಅರ್ಥ ಬಿಡಿಸಿ ಹೇಳುತ್ತೆ. ಈ ಪರದೆಯದು ನಂಬರ್ ತೋರಿಸುತ್ತೆ, ಕೆಳಗೆ ಒಂದೆರಡು ಪದ ಹಾಕುತ್ತೆ, ಅಷ್ಟೇ.”

ಹೆಡ್ ಕ್ಲಾರ್ಕ್ ಪರದೆಯದನ್ನೇ ಎತ್ತಿಕೊಂಡ. ಅರ್ಥ ಯಾರಿಗೆ ಬೇಕಾಗಿತ್ತು? ಫೋನಿನಲ್ಲಿ ತೋರಿಸಿದರೆ ಎದುರಿನವನು ಏನೋ ಒಂದು ಹೇಳಿ ಜಾರಿಕೊಳ್ಳಬಹುದು. ಕೈಯಲ್ಲಿ ಗಟ್ಟಿಯಾಗಿ ಹಿಡಿದು ಮೂಗಿನ ಮುಂದೆ ಆಡಿಸುವುದಕ್ಕೆ ಒಂದು ವಸ್ತು ಬೇಕಾಗಿತ್ತು ಅವನಿಗೆ.

ಆ ಮೂಗು ಅವನ ಷಡ್ಡಕನದು. ಹೆಂಡತಿಯ ತಂಗಿಯ ಗಂಡ, ಸ್ವಂತ ಗ್ಯಾರೇಜ್ ಇಟ್ಟವನು, ಬಾಯಿಬಡುಕ. ಅತ್ತೆಮನೆಗೆ ಇಬ್ಬರೂ ಹೋದರೆ ಮಾತೆಲ್ಲ ಅವನದೇ, ನಗುವೆಲ್ಲ ಅವನ ಸುತ್ತಲೇ. “ನಮ್ಮ ಭಾವನ ತಲೆಗೊಂದು ರೇಡಿಯೇಟರ್ ಕೂರಿಸ್ಬೇಕು ಅತ್ತೆ, ಬೇಗ ಕಾಯುತ್ತೆ,” ಅನ್ನುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುವರು. ಹೆಡ್ ಕ್ಲಾರ್ಕ್ ಹಲ್ಲು ಕಿರಿದು ಸುಮ್ಮನಾಗುವನು. ಒಳಗೊಳಗೇ ಕುದಿಯುವನು.

ಹೋದ ತಿಂಗಳು ಕಾರಿನ ಎಂಜಿನ್ ಕೆಟ್ಟಿದೆ ಅಂತ ಸೂಚಿಸುವ ದೀಪ ಹತ್ತಿಕೊಂಡಿತ್ತು. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಕೆಟ್ಟಿದೆ ಅಂತ ಷಡ್ಡಕ ಹೊಸದು ಹಾಕಿಕೊಟ್ಟ. ದೀಪ ಆರಿತು. ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆಫೀಸಿನ ಕ್ಯಾಷಿಯರ್ ಟೀ ಕುಡಿಯುತ್ತಾ, “ಹಳೇ ಪಾರ್ಟ್ ವಾಪಸ್ ಕೊಟ್ರಾ?” ಅಂದ. ಇಲ್ಲ ಅಂದಾಗ, “ಹಾಗಾದ್ರೆ ಮುಗೀತು. ದೀಪ ಆರಿಸೋದೇನು ಮಹಾ ಕೆಲಸ ಸಾರ್, ಒಂದು ಗುಂಡಿ ಒತ್ತಿದ್ರೆ ಆಯ್ತು. ಹಳೇದನ್ನೇ ಒರೆಸಿ ಕೂರಿಸಿರ್ತಾರೆ,” ಅಂತ ಹೇಳಿ ಲೋಟ ತೊಳೆಯಲು ಎದ್ದುಹೋದ. ಹೆಡ್ ಕ್ಲಾರ್ಕ್ ತಲೆಯಲ್ಲಿ ಹುಳ ಕೂತಿತು. ಹುಳ ಅಂದರೆ ಸುಳ್ಳಾದೀತು. ಷಡ್ಡಕ ಕಳ್ಳನೇ ಆಗಿರಲಿ ಅಂತ ಅವನಿಗೆ ಆಸೆಯಾಗಿತ್ತು.

ಯಂತ್ರ ಕೊಂಡು ಮನೆಗೆ ಬಂದವನಿಗೆ ಎಂಜಿನ್ ಆರಿಸುವಷ್ಟೂ ತಾಳ್ಮೆ ಇರಲಿಲ್ಲ. ಬಾನೆಟ್ ಎತ್ತಿದ. ಸೆನ್ಸರ್ ಹೊಸದೋ ಹಳೆಯದೋ ನೋಡಿಬಿಡೋಣ ಅಂತ ಅದಕ್ಕೆ ಹೋಗುವ ವೈರನ್ನು ಕಿತ್ತ. ಎಂಜಿನ್ ಕೆಮ್ಮಿತು, ನಡುಗಿತು. ಬಗ್ಗಿ ನೋಡಿದ; ಕರೀ ಪ್ಲಾಸ್ಟಿಕ್ಕು, ಹೊಸದಾದರೂ ಕಪ್ಪು, ಹಳೆಯದಾದರೂ ಕಪ್ಪು. ವೈರನ್ನು ಮತ್ತೆ ಸಿಕ್ಕಿಸಿ ಡ್ರೈವರ್ ಸೀಟಿಗೆ ಬಂದು ಯಂತ್ರದ ಬಾಲವನ್ನು ಸಾಕೆಟ್ಟಿಗೆ ತುರುಕಿದ.

“ಏನ್ರೀ ಅದು, ಕಾರಿಗೆ ಜ್ವರ ನೋಡ್ತಿದ್ದೀರಾ?” ಬಾಗಿಲಲ್ಲಿ ನಿಂತು ಹೆಂಡತಿ ಕೇಳಿದಳು.

“ನಿನ್ನ ತಂಗಿ ಗಂಡನ ಬಣ್ಣ ನೋಡ್ತಿದ್ದೀನಿ.”

ಪರದೆ ಮೇಲೆ ಒಂದು ಇಂಗ್ಲಿಷ್ ಅಕ್ಷರ, ಅದರ ಹಿಂದೆ ಅಂಕಿಗಳು, ಕೆಳಗೆ ಒಂದು ಪದ ಮೂಡಿತು. ಪೆಂಡಿಂಗ್.

ಬೇರೆ ಯಾವ ಪದ ಬಂದಿದ್ದರೂ ಅವನು ಪೊಟ್ಟಣದಲ್ಲಿದ್ದ ಪುಸ್ತಕ ತೆರೆಯುತ್ತಿದ್ದನೇನೋ. ಆದರೆ ಈ ಪದದ ಜೊತೆಗೇ ಅವನ ನೌಕರಿ ಕಳೆದಿತ್ತು. ಕೆಲಸ ಪೆಂಡಿಂಗ್, ಫೈಲ್ ಪೆಂಡಿಂಗ್, ಸಹಿ ಪೆಂಡಿಂಗ್. ಪೆಂಡಿಂಗ್ ಅಂದರೆ ಮಾಡಬೇಕಾದವನು ಮಾಡದೆ ಅದರ ಮೇಲೆ ಕೂತಿದ್ದಾನೆ ಅಂತಲೇ ಅರ್ಥ. ಅದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಕೆಲಸ ಮಾಡಿಯೇ ಇಲ್ಲ ಬಡ್ಡಿಮಗ, ಕಾರೇ ಬಾಯಿಬಿಟ್ಟು ಹೇಳುತ್ತಿದೆ!

“ಊಟ ಮಾಡಿ ಹೋಗ್ರೀ,” ಅಂದಳು ಹೆಂಡತಿ. ಅವನು ಆಗಲೇ ಯಂತ್ರ ಕಿತ್ತುಕೊಂಡು ಗೇಟು ದಾಟಿದ್ದ.

ಗ್ಯಾರೇಜಿನಲ್ಲಿ ಜನರಿದ್ದರು. ಎಂದೂ ಇಲ್ಲದ ಇಸ್ತ್ರಿ ಅಂಗಿ ತೊಟ್ಟು, ಷಡ್ಡಕ ಒಬ್ಬ ಮೇಡಂಗೆ ಕಾರೆತ್ತುವ ಲಿಫ್ಟನ್ನು ತೋರಿಸುತ್ತಿದ್ದ. ಮಕ್ಕಳ ಶಾಲೆಯೊಂದನ್ನು ನಡೆಸುವಾಕೆ. ಶಾಲೆಯ ವ್ಯಾನುಗಳನ್ನೆಲ್ಲ ಇವನಿಗೇ ಒಪ್ಪಿಸುವ ಮಾತಾಗಿತ್ತು. ಹೆಡ್ ಕ್ಲಾರ್ಕಿಗೆ ಅದು ಗೊತ್ತಿತ್ತು. ನಾದಿನಿ ಸಂಭ್ರಮದಿಂದ ಫೋನ್ ಮಾಡಿ ಹೇಳಿದ್ದಳು.

“ಬನ್ನಿ ಭಾವ, ಸರಿಯಾದ ಹೊತ್ತಿಗೆ ಬಂದ್ರಿ. ಮೇಡಂ, ಇವರು ನಮ್ಮ ಭಾವ...”

“ಭಾವ ಗೀವ ಆಮೇಲೆ. ಇದೇನು ಓದು.” ಯಂತ್ರ ಮೂಗಿನ ಮುಂದೆ ಹೋಯಿತು.

“ಓ, ಡಾಕ್ಟರಾಗಿಬಿಟ್ರಾ? ಕೊಡಿ ನೋಡೋಣ.”

“ಕೊಡಲ್ಲ! ಅಳಿಸಿಬಿಡ್ತೀಯ, ಗೊತ್ತು ನಂಗೆ. ಪೆಂಡಿಂಗ್ ಅಂತಿದೆ, ಪೆಂಡಿಂಗ್! ಹಳೇದನ್ನೇ ಒರೆಸಿ ಕೂರಿಸಿ ಹೊಸದು ಅಂತೀಯಲ್ಲ, ಸ್ವಂತ ಹೆಂಡತಿಯ ಅಕ್ಕನ ಗಂಡನಿಗೇ ಟೋಪಿ ಹಾಕೋನು ಮಕ್ಕಳ ವ್ಯಾನಿಗೆ ಏನು ಮಾಡ್ತೀಯ? ಬ್ರೇಕೂ ಪೆಂಡಿಂಗ್ ಇಡ್ತೀಯಾ?”

ಸ್ಪ್ಯಾನರ್ ಸದ್ದು ನಿಂತಿತು. ಬಾಯಿಬಡುಕನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಕುತ್ತಿಗೆಯಿಂದ ಕಿವಿವರೆಗೂ ಕೆಂಪಾಗಿ ಅವನು ಕೈ ಒರೆಸುವ ಬಟ್ಟೆಯನ್ನು ಮಡಿಸುತ್ತಾ ನಿಂತ. ಮೇಡಂ ಬ್ಯಾಗನ್ನು ಹೆಗಲಿಗೇರಿಸಿ, “ಮತ್ತೆ ಮಾತಾಡೋಣ,” ಅಂದು ಹೊರಟುಹೋದಳು.

ಹೆಡ್ ಕ್ಲಾರ್ಕ್ ಮನೆಗೆ ಬಂದು ಗೆದ್ದವನಂತೆ ಕಾಲು ಚಾಚಿ ಕೂತ. ಪರದೆ ಮೇಲಿನ ಸಾಕ್ಷಿ ಅಳಿಸಿಹೋಗದಂತೆ ಇಟ್ಟುಕೊಳ್ಳುವುದು ಹೇಗೆ ಅಂತ ಕೇಳಲು ಅಂಗಡಿಗೆ ಫೋನ್ ಮಾಡಿದ.

“ಪೆಂಡಿಂಗ್ ಇದ್ರೆ ಇಟ್ಕೊಂಡು ಏನ್ಮಾಡ್ತೀರಾ ಸಾರ್? ಅದು ಬರೀ ಅನುಮಾನ,” ಅಂದಳು ಹೆಂಗಸು. “ಕಾರು ಏನೋ ತಪ್ಪು ನೋಡಿದೆ, ಆದ್ರೆ ಅದಕ್ಕಿನ್ನೂ ಖಾತ್ರಿ ಇಲ್ಲ. ಮತ್ತೆ ಓಡಿಸಿದಾಗಲೂ ಅದೇ ತಪ್ಪು ಕಂಡ್ರೆ ಆಗ ದೀಪ ಹಚ್ಚುತ್ತೆ. ಕಾಣದಿದ್ರೆ ತಾನೇ ಅಳಿಸ್ಕೊಳ್ಳುತ್ತೆ. ಯಾವ ನಂಬರು?”

ಹೇಳಿದ.

“ಗಾಳಿ ಸೆನ್ಸರಿನ ವೈರಿಂದು. ಎಂಜಿನ್ ಓಡ್ತಿರುವಾಗ ಯಾರಾದ್ರೂ ವೈರ್ ಬಿಚ್ಚಿದ್ರಾ?”

ಅವನು ಯಂತ್ರವನ್ನು ಮಗುಚಿ ಮೇಜಿನ ಮೇಲಿಟ್ಟ.

“ಹಲೋ? ಸಾರ್?”

“ಇಲ್ಲ,” ಅಂದುಬಿಟ್ಟ. ಫೋನಿನ ಆಚೆ ಇದ್ದವಳು ಹೆಸರೂ ಗೊತ್ತಿಲ್ಲದ ಹೆಂಗಸು, ಅವಳೆದುರೂ ಸುಳ್ಳು. ಫೋನ್ ಇಟ್ಟ ಮೇಲೂ ಅದೇ ಕುರ್ಚಿಯಲ್ಲಿ ಕೂತಿದ್ದ. ಒಂದು ಕಬ್ಬಿಣದ ಗಾಡಿ ಖಾತ್ರಿಯಾಗಲಿ ಅಂತ ಕಾಯುತ್ತದೆ. ತನಗೆ ಊಟ ಮಾಡಿ ಹೋಗುವಷ್ಟೂ ತಡೆಯಲಾಗಲಿಲ್ಲ. ಥೂ.

ಹೆಂಡತಿ ಬಂದಳು. “ತಂಗಿ ಫೋನ್ ಮಾಡಿದ್ಲು.”

“ಬೈದ್ಲಾ?”

“ಇಲ್ಲ. ಭಾವನ ಊಟ ಆಯ್ತಾ ಅಂತ ಕೇಳಿದ್ಲು.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ವೈರು ಕಿತ್ತದ್ದನ್ನು ತಲೆತಗ್ಗಿಸಿ ಹೇಳಿದ. “ನಂಗೆ ಹೇಳಿ ಏನು ಬಂತು? ಬೈದದ್ದು ನಂಗಲ್ಲವಲ್ಲ,” ಅಂದು ಒಳಗೆ ಹೋದಳು.

ಮಾರನೆಯ ಸಂಜೆ ಗ್ಯಾರೇಜಿನ ಎದುರು ಕಾರಿನಲ್ಲೇ ಕೂತು ಗಿರಾಕಿಗಳು ಹೋಗಲಿ ಅಂತ ಕಾದ. ಒಬ್ಬ ಹೋದರೆ ಇನ್ನೊಬ್ಬ ಬರುತ್ತಿದ್ದ. ಕೊನೆಗೆ, ಬೈಯುವಾಗ ಜನ ಬೇಕಾಗಿತ್ತು, ಈಗ ಬೇಡವೋ ಅಂತ ತನ್ನ ಮೇಲೇ ರೇಗಿ ಇಳಿದುಹೋದ.

“ಹೇಳಿ ಸಾರ್,” ಅಂದ ಷಡ್ಡಕ.

ಸಾರ್! ಮದುವೆಯಾದಂದಿನಿಂದ ಭಾವ ಅನ್ನದೆ ಮಾತೇ ಶುರುಮಾಡದ ಬಾಯಿ.

“ತಪ್ಪಾಯ್ತು ಕಣಯ್ಯ. ಆ ವೈರ್ ನಾನೇ ಕಿತ್ತಿದ್ದೆ. ನಿನ್ನ ಕೆಲಸದಲ್ಲಿ ಏನೂ ಐಬಿಲ್ಲ. ಎಲ್ಲರೂ ಕೇಳಿಸ್ಕೊಳ್ಳಿ, ಇವನದೇನೂ ತಪ್ಪಿಲ್ಲ.” ದನಿ ಏರಿತು. ಕ್ಷಮೆ ಕೇಳುವಾಗಲೂ ಅವನು ಜಗಳಕ್ಕೆ ನಿಂತವನ ಹಾಗೇ ಕಾಣುತ್ತಿದ್ದ.

ಷಡ್ಡಕ ಟೈರಿನ ನಟ್ಟು ಬಿಗಿಸುತ್ತಲೇ ಇದ್ದ. “ಇವರಿಗೆಲ್ಲ ಅದು ಗೊತ್ತು. ಗೊತ್ತಾಗಬೇಕಾದವರು ಇಲ್ಲಿಲ್ಲ,” ಅಂದ.

ಮರುದಿನ ಬೆಳಗ್ಗೆ ಹೆಡ್ ಕ್ಲಾರ್ಕ್ ಆಫೀಸಿಗೆ ರಜೆ ಹಾಕಿ ಶಾಲೆಗೆ ಹೋದ. ಮೇಡಂ ಗುರುತು ಹಿಡಿದಳು, ಕೂರಿ ಅನ್ನಲಿಲ್ಲ. ನಿಂತೇ ಎಲ್ಲ ಹೇಳಿದ, ಈ ಸಲ ಮೆಲ್ಲಗೆ. ಪದ ಗೊತ್ತಿಲ್ಲದೆ ಕೂಗಾಡಿದ್ದು, ವೈರು ಕಿತ್ತದ್ದು. ಷಡ್ಡಕ ಎಲ್ಲರೆದುರು ತನ್ನನ್ನು ನಗೆಗೀಡು ಮಾಡುತ್ತಾನೆ ಅಂತ ಉರಿಯುತ್ತಿತ್ತು ಅನ್ನುವುದನ್ನೂ ಹೇಳಿಬಿಟ್ಟ.

“ಅವತ್ತೇ ಗ್ಯಾರೇಜಿನವರಿಗೆ ಫೋನ್ ಮಾಡಿದ್ದೆ,” ಅಂದಳು ಮೇಡಂ. “ಯಾಕೆ ಹಾಗೆ ಬೈದ್ರು ಅಂತ ಕೇಳಿದೆ. ನಮ್ಮ ಭಾವ, ಸ್ವಲ್ಪ ಕೋಪ ಜಾಸ್ತಿ ಅಂದ್ರು ಅಷ್ಟೇ. ನಿಮ್ಮ ಮೇಲೆ ಒಂದು ಮಾತೂ ಹೇಳಲಿಲ್ಲ. ಆದ್ರೆ ಮಕ್ಕಳನ್ನ ಕೂರಿಸೋ ಗಾಡಿ ನೋಡಿ. ಮನೆಯವರೇ ನಂಬದವರನ್ನ ನಾನು ಹೇಗೆ ನಂಬಲಿ? ನಿನ್ನೆಯೇ ಬೇರೆ ಗ್ಯಾರೇಜಿಗೆ ಒಪ್ಪಿಸಿಬಿಟ್ಟೆ.”

“ಆ ಗ್ಯಾರೇಜಿನವರಿಗೆ ಬೇಡ ಅಂತ ಹೇಳೋಕಾಗಲ್ವಾ ಮೇಡಂ?”

“ಅವರು ಏನು ತಪ್ಪು ಮಾಡಿದ್ದಾರೆ?”

ಅವನು ಕಿಟಕಿಯತ್ತ ತಿರುಗಿದ. ಹೊರಗೆ ವ್ಯಾನಿನ ಡ್ರೈವರ್‌ಗಳು ನೀರು ಹಾಕಿ ಗಾಜು ಉಜ್ಜುತ್ತಿದ್ದರು.

“ನೀವು ನಿಮ್ಮ ಕಾರನ್ನ ಇನ್ನೂ ಅವರ ಹತ್ರವೇ ಬಿಡ್ತೀರಾ?” ಮೇಡಂ ಕೇಳಿದಳು.

“ಬಿಡ್ತೀನಿ,” ಅಂದ ಹೆಡ್ ಕ್ಲಾರ್ಕ್. ಆಮೇಲೆ ನೆಲ ನೋಡುತ್ತಾ ಸೇರಿಸಿದ, “ಅವನು ತಗೊಂಡ್ರೆ.”