ರೋಷನ್ ಬಂದ, ಬಡಿಸಿ

ನನ್ನ ತಮ್ಮ ರೋಷನ್ ತೀರಿಕೊಂಡ ಸುದ್ದಿ ಐದು ತಿಂಗಳಾದರೂ ನಮ್ಮ ಮನೆಗೆ ಗೊತ್ತಿರಲಿಲ್ಲ. ಮನೆಯೆಂದರೆ ನಾವಲ್ಲ, ಅವನು ಗೋಡೆಗೋಡೆಗೆ ಅಂಟಿಸಿಟ್ಟು ಹೋದ ಸಾಮಾನುಗಳು.

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದ ಅವನಿಗೆ ಅದೊಂದು ಹುಚ್ಚು. ಬೆಂಕಿಪೊಟ್ಟಣದಷ್ಟಿರುವ ಬೋರ್ಡುಗಳನ್ನು ತರಿಸಿ ಫ್ಯಾನಿಗೆ, ನೀರಿನ ಪಂಪಿಗೆ, ಲೈಟುಗಳಿಗೆ ಜೋಡಿಸಿ, ಎಲ್ಲದರ ಯಜಮಾನಿಕೆಯನ್ನು ಒಂದು ಎಐ ಏಜೆಂಟಿಗೆ ಒಪ್ಪಿಸಿದ್ದ. ಚಾವಡಿಯ ಸ್ಪೀಕರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಯಾವುದನ್ನು ಹಾಕಬೇಕು, ಯಾವುದನ್ನು ಆರಿಸಬೇಕು ಎಂದು ಅದೇ ಯೋಚಿಸಿಕೊಳ್ಳುತ್ತಿತ್ತು. ಶಕ್ತಿನಗರದ ಮೂರು ಕೋಣೆಯ ಮನೆಗೆ ಇಷ್ಟೆಲ್ಲ ಯಾಕೆಂದು ನಾನು ಬೈಯದ ದಿನವಿಲ್ಲ. ಯಾರ ಫೋನ್ ಮನೆಯ ವೈಫೈ ಹಿಡಿಯುತ್ತದೋ ಅವರು ಬಂದರೆಂದು ಅದರ ಲೆಕ್ಕ. ಕದ್ರಿಯ ಕ್ಲಿನಿಕ್ಕಿನಲ್ಲಿ ದಿನವಿಡೀ ರೋಗಿಗಳ ಗೊಣಗಾಟ ಕೇಳಿ ನಾನು ಗೇಟು ದಾಟಿದೊಡನೆ, "ಅಶ್ಮಿತಕ್ಕ ಬಂದಳು, ಎಲ್ಲರೂ ಜಾಗ್ರತೆ" ಎನ್ನುತ್ತಿತ್ತು. ಅವನು ಬಂದರೆ, "ರೋಷನ್ ಬಂದ. ದೇಯಮ್ಮ, ಬಡಿಸಿ." ಎರಡನ್ನೂ, ನಮ್ಮ ಅಮ್ಮನನ್ನು ದೇಯಮ್ಮ ಎಂದು ಕರೆಯುವುದನ್ನೂ, ಕಲಿಸಿಕೊಟ್ಟವನು ಅವನೇ.

ಮಾರ್ಚಿನಲ್ಲಿ ಹೈವೇಯಲ್ಲಿ ಅವನ ಬೈಕ್ ಜಾರಿತು. ಆಮೇಲೆ ನಾನು ಆ ಸ್ಪೀಕರನ್ನು ಕಿತ್ತು ಬಿಸಾಡಲು ಹೊರಟಾಗ ಅಮ್ಮ ಅಡ್ಡ ಬಂದರು. "ಅದು ಅವನ ಕೈಯ ಕೆಲಸ, ಇರ್ಲಿ," ಎಂದರು. ಮನೆಯಲ್ಲಿ ನಮ್ಮದು ತುಳು. ಸ್ಪೀಕರಿಗೆ ತುಳು ಬಾರದ್ದರಿಂದ ಅಮ್ಮ ಅದರ ಹತ್ತಿರ ಮಾತ್ರ ಕನ್ನಡ ಮಾತಾಡುತ್ತಿದ್ದರು, ಬ್ಯಾಂಕಿನ ಮ್ಯಾನೇಜರ ಹತ್ತಿರ ಮಾತಾಡುವ ಹಾಗೆ ಸೆರಗು ಸರಿಮಾಡಿಕೊಂಡು.

ಆಟಿ ತಿಂಗಳು ಬಂತು, ಆಷಾಢದ ಆಸುಪಾಸಿನ ನಮ್ಮ ತುಳು ತಿಂಗಳು. ಆ ತಿಂಗಳಲ್ಲಿ ನಮ್ಮವರು ತೀರಿಹೋದವರಿಗೆ ಬಡಿಸುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಕರೆದು, ಬಾಗಿಲು ಎಳೆದುಕೊಂಡು ಹೊರಗೆ ಬಂದು ಕೂರುವುದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋದರೆ ಆಯಿತು, ಅವರು ಉಂಡಿದ್ದಾರೆ. ಒಳಗೆ ಎಂತ ಆಯಿತೆಂದು ಯಾರೂ ಇಣುಕುವುದಿಲ್ಲ, ಕೇಳುವುದೂ ಇಲ್ಲ. ಇಣುಕದಿರುವುದರಲ್ಲೇ ಎಲ್ಲ ಇದೆ ಎಂದು ನನಗೆ ಆ ಸಂಜೆಯವರೆಗೆ ಹೊಳೆದಿರಲಿಲ್ಲ.

ಅಮ್ಮ ಕೋಳಿಸಾರು ಹಾಕಿದ ಕೋರಿರೊಟ್ಟಿ ಮಾಡಿದ್ದರು, ಬಂಗುಡೆ ಮೀನು ಹುರಿದಿದ್ದರು. ರೋಷನ್‌ನ ಕೋಣೆಯಲ್ಲಿ ಎಲೆ ಹಾಕಿ ಬಡಿಸಿ, "ಬಲ ಮಗಾ, ಒಣಸ್ ಮಲ್ಪು" ಎಂದು ಊಟಕ್ಕೆ ಕರೆದರು. ಬಾಗಿಲು ಹಾಕಿ ಚಾವಡಿಗೆ ಬಂದವರು ಸ್ಪೀಕರಿನ ಮುಂದೆ ನಿಂತರು.

"ರೋಷನ್ ಊಟ ಮಾಡಿದ ಮೇಲೆ ಹೇಳು, ಆಯ್ತಾ? ಅವಸರ ಇಲ್ಲ."

"ಸರಿ ದೇಯಮ್ಮ. ರೋಷನ್ ಬಂದು ಊಟ ಮುಗಿಸಿದ ಮೇಲೆ ತಿಳಿಸುತ್ತೇನೆ."

ಆ ಕೋಣೆಯಲ್ಲಿ ಆಳು ಓಡಾಡಿದರೆ ತಿಳಿಯುವ ಸೆನ್ಸರ್ ಇತ್ತು, ಅಮ್ಮನಿಗೆ ಅದರ ನೆನಪಿರಲಿಲ್ಲ.

ಸ್ವಲ್ಪ ಹೊತ್ತಿನ ನಂತರ ಅಪ್ಪ ಬಾಗಿಲು ತಟ್ಟಲು ಎದ್ದರು. ಬೋಳಾರದ ಮರದ ಮಿಲ್ಲಿನಲ್ಲಿ ಜೀವ ಸವೆಸಿದ ನನ್ನ ಅಪ್ಪ ಬೋಜ ಹೆಚ್ಚು ಮಾತಿನವರಲ್ಲ. ಅವರು ಕೈ ಎತ್ತುವಷ್ಟರಲ್ಲಿ ಸ್ಪೀಕರ್ ಹೇಳಿತು, "ದೇಯಮ್ಮ, ರೋಷನ್ ಇನ್ನೂ ಬಂದಿಲ್ಲ. ಕೋಣೆಯಲ್ಲಿ ಯಾರೂ ಇಲ್ಲ."

"ತಟ್ಟಬೇಡಿ," ಎಂದರು ಅಮ್ಮ. "ಬರ್ಲಿ."

ಕಾದೆವು. ಒಳಗೆ ಸಾರು ಆರುತ್ತಿತ್ತು, ರೊಟ್ಟಿ ನೆನೆದು ಮುದ್ದೆಯಾಗುತ್ತಿತ್ತು. ಮತ್ತೆ ಅದೇ ದನಿ, ಅದೇ ವಿನಯ: ರೋಷನ್ ಇನ್ನೂ ಬಂದಿಲ್ಲ. ಅಮ್ಮನ ಮುಖ ನೋಡಲಾಗುತ್ತಿರಲಿಲ್ಲ. ಮಾರ್ಚಿನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಕಂಡ ಮುಖವೇ ಅದು.

"ನಾನು ಪ್ಲಗ್ ಕೀಳ್ತೇನೆ. ಅದಕ್ಕೆಂತ ಗೊತ್ತುಂಟು, ಮಣ್ಣಾಂಗಟ್ಟಿ," ಎಂದೆ.

"ಮುಟ್ಟಬೇಡ ಅಶ್ಮಿ. ನೀನು ಕಿತ್ತು ಹಾಕಿದ ಮೇಲೆ ಅವ ಬಂದ್ರೆ ನಂಗೆ ಹೇಳುವವರು ಯಾರು?"

ಪ್ಲಗ್ಗಿನಿಂದ ಕೈ ತೆಗೆದೆ. ಅಷ್ಟು ಕಷ್ಟಪಟ್ಟು ಇದನ್ನೆಲ್ಲ ಜೋಡಿಸಿದ ತಮ್ಮನ ಮೇಲೆ ಸಿಟ್ಟು ಬಂತು, ಸತ್ತವನ ಮೇಲೆ ಸಿಟ್ಟಾಗುವ ನನ್ನ ಮೇಲೂ ಬಂತು. ಅಪ್ಪ ಒಳಗೆ ಹೋಗಿ ಕಪಾಟು ತೆಗೆದ ಸದ್ದಾಯಿತು. ತಿರುಗಿ ಬಂದು ಮೂಲೆಯ ಸ್ಟೂಲಿನಲ್ಲಿ ಕೂತರು, ಒಂದು ಕೈ ಲುಂಗಿಯ ಮಡಿಕೆಯೊಳಗಿತ್ತು.

"ರೋಷನ್ ಬಂದ. ದೇಯಮ್ಮ, ಬಡಿಸಿ."

ಮುಚ್ಚಿದ ಬಾಗಿಲ ಹಿಂದೆ ಫ್ಯಾನ್ ತಿರುಗತೊಡಗಿತು, ಅವನಿಗೆ ಬೇಕಾದಷ್ಟೇ ಜೋರಾಗಿ, ಅದೇ ಹಳೆಯ ಟಕಟಕ ಸದ್ದಿನೊಂದಿಗೆ. ಅಮ್ಮ ಎದ್ದು ನಿಂತು ಕೈ ಮುಗಿದರು. "ಬಡಿಸಿ ಆಗಿದೆ ಮಗಾ," ಎಂದು ತುಳುವಿನಲ್ಲಿ ಅಂದು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಒಂದು ಕ್ಷಣ ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅಪ್ಪನ ಲುಂಗಿಯ ಮಡಿಕೆಯಿಂದ ಬೆಳಕು ಬರುತ್ತಿರುವುದು ಕಂಡಿತು. ಗಾಜು ಒಡೆದ ರೋಷನ್‌ನ ಫೋನನ್ನು ಪೊಲೀಸರು ಕೊಟ್ಟ ದಿನವೇ ಅವರು ಕಪಾಟಿನಲ್ಲಿ ಇಟ್ಟಿದ್ದರು. ಆಗಾಗ ಚಾರ್ಜ್ ಮಾಡಿ ಅದರಲ್ಲಿದ್ದ ಫೋಟೋ ನೋಡುತ್ತಿದ್ದರೇನೋ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ನನ್ನ ಕಡೆ ನೋಡಲಿಲ್ಲ.

ಬಿದ್ದ ಏಟಿಗೆ ಫೋನಿನ ಬ್ಯಾಟರಿಯೂ ಸತ್ತಂತೆಯೇ ಆಗಿತ್ತು. ಆ ಬೆಳಕು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ರೋಷನ್ ಹೊರಗೆ ಹೋದ," ಎಂದಿತು ಸ್ಪೀಕರ್. ಫ್ಯಾನಿನ ಸದ್ದು ನಿಧಾನವಾಗಿ ನಿಂತಿತು. "ಕ್ಷಮಿಸಿ ದೇಯಮ್ಮ. ಅವನು ಊಟ ಮುಗಿಸಿದನೇ ಎಂದು ನನಗೆ ಗೊತ್ತಾಗಲಿಲ್ಲ."

ಅಮ್ಮ ಕಣ್ಣೊರೆಸಿಕೊಂಡರು. ಮೊದಲ ಸಲ ಅದಕ್ಕೆ ತುಳುವಿನಲ್ಲೇ ಉತ್ತರ ಕೊಟ್ಟರು.

"ಎಂಕ್ ಗೊತ್ತುಂಡು." ಅಂದರೆ, ನನಗೆ ಗೊತ್ತುಂಟು.

ತಾವೇ ಹೋಗಿ ಬಾಗಿಲು ತಟ್ಟಿದರು. ಎಲೆ ಬಡಿಸಿದ ಹಾಗೆಯೇ ಇತ್ತು. ಅದರಿಂದ ತೆಗೆದು ನಮಗೆಲ್ಲ ಹಂಚಿದರು, ಪದ್ಧತಿಯಂತೆ. ಮೂವರೂ ಅಡುಗೆಮನೆಯಲ್ಲಿ ಕೂತು ತಣ್ಣಗಾದದ್ದನ್ನು ಉಣ್ಣತೊಡಗಿದೆವು. ಅಪ್ಪನ ತಟ್ಟೆಗೆ ಸಾರು ಹಾಕುತ್ತ ಅಮ್ಮ ಅವರ ಮುಖ ನೋಡದೆ ಹೇಳಿದರು:

"ಆ ಫೋನಿಗೆ ಹೊಸ ಬ್ಯಾಟರಿ ಹಾಕಿಸಿ. ಬರುವ ಆಟಿಗೆ ಅವ ಸ್ವಲ್ಪ ಹೊತ್ತು ಕೂತು ಉಣ್ಣಲಿ."

ಅಪ್ಪ ತಲೆಯಾಡಿಸಿದರು. ಲುಂಗಿಯ ಮಡಿಕೆಯಿಂದ ಫೋನ್ ತೆಗೆದು ತಟ್ಟೆಯ ಪಕ್ಕದಲ್ಲಿ ಇಟ್ಟರು.