ಕುದುರೆ ಕೂದಲಿಗೆ ಬಗ್ಗದ ಗಂಟು

ಆಗ ಮುಂಬೈ ಹತ್ತಿರದ ಕಲ್ಯಾಣ ಸ್ಟೇಷನ್ನಿನ ಹೊರಗೆ ಸಾಲಾಗಿ ಟಾಂಗಾಗಳು ನಿಲ್ಲುತ್ತಿದ್ದವು. ಆ ದಿನಗಳನ್ನು ನೆನೆದರೆ ಈಗಲೂ ಜೀವ ಹಿಗ್ಗುತ್ತದೆ. ನಮ್ಮ ಚಾಳಿನಲ್ಲಿ ಹನ್ನೆರಡು ಮನೆ, ಒಂದೇ ನಳ. ಒಬ್ಬರ ಮನೆಯ ಒಗ್ಗರಣೆಗೆ ಎಲ್ಲರೂ ಸೀನುತ್ತಿದ್ದೆವು. ಅಲ್ಲಿ ಈ ಪಾರವ್ವನೇ, ಅಂದರೆ ನಾನೇ, ದೊಡ್ಡ ವೈದ್ಯೆ! ಯಾರ ಕುತ್ತಿಗೆಯಲ್ಲಿ ನರಹುಲಿ ಎದ್ದರೂ ಟಾಂಗಾ ಕುದುರೆಯ ಬಾಲದ ಕೂದಲು ತಂದು ಬುಡಕ್ಕೆ ಬಿಗಿದು ಕಟ್ಟುತ್ತಿದ್ದೆ. ನಮ್ಮ ವಿಜಾಪುರದ ಕಡೆಯ ರೂಢಿ ಅದು. ಕೆಲವು ಉದುರುತ್ತಿದ್ದವು. ಅಷ್ಟಕ್ಕೇ ನನಗೆ ಕೋಡು ಮೂಡಿತ್ತು.

ಎಪ್ಪತ್ತೆಂಟರ ದೀಪಾವಳಿ. ಎಣ್ಣೆ ಹಚ್ಚಿ ನಮ್ಮ ಯಜಮಾನರು ಬಸಲಿಂಗಪ್ಪನವರ ಬೆನ್ನು ತಿಕ್ಕುತ್ತಿದ್ದೆ. ಕೈಗೆ ಆ ಹಳೆಯ ಗಂಟು ಸಿಕ್ಕಿತು. ಹಿಂದಿನ ವರ್ಷ ಅದು ಕಡಲೆಕಾಳಿನಷ್ಟಿತ್ತು. ಈಗ ಬೋರೆಹಣ್ಣಿನಷ್ಟಾಗಿತ್ತು.

“ನೋವೈತೇನ್ರೀ?”

“ಇಲ್ಲ ಬಿಡ. ನೋವಿಲ್ಲಂದ್ರ ಅದೇನ್ ಜಡ್ಡು?”

ಅವರು ಬಟ್ಟೆ ಅಂಗಡಿಯ ಗುಮಾಸ್ತರು. ಹಬ್ಬದ ಸೀಜನ್ನಿನಲ್ಲಿ ಅಂಗಡಿ ಬಿಟ್ಟು ದವಾಖಾನೆಗೆ ಹೋಗುವವರೇ ಅಲ್ಲ. ನಾನೂ ಹೋಗಿ ಅನ್ನಲಿಲ್ಲ. ಕೂದಲು ತಂದು ಕಟ್ಟಿಬಿಟ್ಟೆ.

ನಾಲ್ಕನೆಯ ದಿನ ಗ್ಯಾಲರಿಯಲ್ಲಿ ಅವರ ಬನಿಯನ್ ಒಣಹಾಕುತ್ತಿದ್ದೆ. ಪಕ್ಕದ ಮನೆಯ ವಾರಿಜಾ ನೋಡಿದಳು. ಉಡುಪಿಯವಳು, ಸರ್ಕಾರಿ ದವಾಖಾನೆಯಲ್ಲಿ ನರ್ಸು.

“ಪಾರಕ್ಕ, ಇದೆಂತ ರಕ್ತದ ಕಲೆ?”

“ಬೆನ್ನಿನ ಗಂಟಿಗೆ ಕೂದಲಾ ಕಟ್ಟೀನವ್ವ. ಇನ್ನೆರಡು ದಿನಕ್ಕ ಉದುರತೈತಿ.”

“ಅಯ್ಯೋ ದೇವರೇ! ಎಂತ ಮಾಡಿದ್ದು ಮಾರಾಯ್ರೆ? ಎಲ್ಲಾ ಗಂಟೂ ನರಹುಲಿ ಅಲ್ಲ. ಮೆತ್ತಗಿದ್ದು, ಒತ್ತಿದ್ರೆ ಆಚೀಚೆ ಜಾರುವ ಕೊಬ್ಬಿನ ಗಂಟು ಹೆಚ್ಚಾಗಿ ಏನೂ ಮಾಡುದಿಲ್ಲ. ಆದ್ರೂ ಒಮ್ಮೆ ತೋರಿಸ್ಬೇಕು. ಇದು ಬೆಳೀತಾ ಉಂಟಾ? ಗಟ್ಟಿ ಉಂಟಾ?”

“ಹೂಂ. ಒತ್ತಿದ್ರೂ ಅಲ್ಲಾಡಂಗಿಲ್ಲ. ಆದ್ರ ನೋವಿಲ್ಲಲ್ಲವ್ವ?”

“ಕೆಲವು ಕೆಟ್ಟ ಗಂಟು ಮೊದ್ಲಿಗೆ ನೋಯುದೇ ಇಲ್ಲ. ಇವತ್ತೇ ಕರ್ಕೊಂಡು ಬನ್ನಿ.”

ಬನಿಯನ್ ಅಲ್ಲೇ ಬಿಟ್ಟು ಓಡಿದೆ. ಅಂಗಡಿಗೇ ಹೋಗಿ, ಗಿರಾಕಿಗಳ ಎದುರಿಗೇ ಅವರ ಕೈ ಹಿಡಿದು ಎಬ್ಬಿಸಿದೆ. “ನಿನಗೇನ್ ಹುಚ್ಚ ಹಿಡದೈತೇನ?” ಎಂದರು. ಹಿಡಿದಿತ್ತು, ನಿಜ.

ಡಾಕ್ಟರರು ನನಗೆ ಚೆನ್ನಾಗಿ ಬೈದರು. ಗಂಟು ತೆಗೆದು ತಪಾಸಣೆಗೆ ಕಳಿಸಿದರು. ಎಂಟು ದಿನ ನನಗೆ ಅನ್ನ ಸೇರಲಿಲ್ಲ. ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದೇ ಬಂತು. ಆದರೆ ಹರಡಿರಲಿಲ್ಲ. ಇನ್ನೊಮ್ಮೆ ಆಪರೇಷನ್ ಮಾಡಿ ಸುತ್ತಲಿನ ಚರ್ಮವನ್ನೂ ತೆಗೆದರು. ಇನ್ನೂ ತಡಮಾಡಿದ್ದರೆ ಕೈಮೀರುತ್ತಿತ್ತಂತೆ.

ಹತ್ತು ವರ್ಷವಾಯಿತು. ಸ್ಟೇಷನ್ನಿನ ಮುಂದೆ ಈಗ ರಿಕ್ಷಾಗಳದೇ ಗದ್ದಲ. ವಾರಿಜಾ ಮನೆ ಬದಲಿಸಿ ನವಿ ಮುಂಬೈಯ ಸಾನಪಾಡಾಕ್ಕೆ ಹೋದಳು. ನಾನು ಮಾತ್ರ ಪ್ರತಿ ದೀಪಾವಳಿಗೆ ಇವರ ಬೆನ್ನು ತಿಕ್ಕುತ್ತೇನೆ. ಆ ಗಾಯದ ಗುರುತಿನ ಮೇಲೆ ಕೈ ನಿಲ್ಲುತ್ತದೆ.

“ಮತ್ತೇನರ ಸಿಕ್ಕಿತೇನ?” ಎಂದು ಕೇಳುತ್ತಾರೆ.

“ನೀವ್ ಸಿಕ್ಕೀರಿ,” ಎನ್ನುತ್ತೇನೆ.

ಅಕ್ಕಂದಿರೇ, ಅಣ್ಣಂದಿರೇ, ಗಂಟು ಕಂಡ ಕೂಡಲೇ ಹೆದರಬೇಡಿ, ಬಹಳಷ್ಟು ಗಂಟುಗಳು ಅಪಾಯದವಲ್ಲ. ಆದರೆ ಗಂಟು ಬೆಳೆಯುತ್ತಿದ್ದರೆ, ಗಟ್ಟಿಯಾಗಿ ಅಲ್ಲಾಡದಿದ್ದರೆ, ಬಣ್ಣ ಬದಲಾದರೆ, ರಕ್ತ ಬಂದರೆ, ನೋವು ಶುರುವಾದರೆ ಡಾಕ್ಟರರ ಹತ್ತಿರ ಹೋಗಿ. ಕಟ್ಟಬೇಡಿ, ಕೊಯ್ಯಬೇಡಿ, ಸುಡಬೇಡಿ. ತನ್ನ ಬೆನ್ನು ತನಗೆ ಕಾಣುವುದಿಲ್ಲ. ನಿಮ್ಮವರ ಬೆನ್ನನ್ನು ನೀವೇ ನೋಡಿ.